ಹಳೇ ಮಿಯಾಟಾ ರಿಪೇರಿ: ಒಂದು ಕ್ಲಚ್ಚು, ಒಂದು ಮುರಿದ ಬೋಲ್ಟು, 4 ಡಾಲರಿನ ರಬ್ಬರ್ ಬಳೆ

ಕಾರು 1992ರ ಮಾಜ್ಡಾ ಎಮ್‌ಎಕ್ಸ್-5 ಮಿಯಾಟಾ. 1.6 ಲೀಟರ್ ಎಂಜಿನ್, 5 ಗೇರು, ಎರಡೇ ಸೀಟು, ಕೆಂಪು ಬಣ್ಣ, ಮಡಚುವ ಬಟ್ಟೆ ಟಾಪು. ಓಡಿರುವುದು 1,18,000 ಮೈಲಿ. ಎರಡು ವರ್ಷದ ಹಿಂದೆ 4,800 ಡಾಲರ್ ಕೊಟ್ಟು ತಂದೆ. ನಾವಿರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಗ್ಯಾರೇಜು ಒಂದೇ ಕಾರಿನದು. ವಾಷಿಂಗ್ ಮಷೀನಿನ ಡಬ್ಬ, ಮಗಳ ಸೈಕಲ್ಲು ಎಲ್ಲ ಅಲ್ಲೇ ಇರುವುದರಿಂದ ಕಾರಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಮನೆಮುಂದೆ ಡ್ರೈವ್‌ವೇಯಲ್ಲಿ ಕಾರು ಬಿಚ್ಚಿಡಲು ಬಡಾವಣೆಯವರ ನಿಯಮ ಬಿಡುವುದಿಲ್ಲ.

ನನ್ನ ಕೆಲಸ ಸಾಫ್ಟ್‌ವೇರು. ಸ್ಪ್ಯಾನರ್ ಹಿಡಿಯುವುದು ವಾರದ ಕೊನೆಗೆ ಮಾತ್ರ. ಈ ಸಲ ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ಅಪ್ಪ ಇಪ್ಪತ್ತು ವರ್ಷ ಯೆಜ್ಡಿ ಓಡಿಸಿದವರು. ಭಾನುವಾರ ಬೆಳಿಗ್ಗೆ ಅದರ ಕಾರ್ಬೊರೇಟರ್ ಬಿಚ್ಚಿ ಪೇಪರ್ ಮೇಲೆ ಹರಡದಿದ್ದರೆ ಅವರಿಗೆ ತಿಂಡಿ ಸೇರುತ್ತಿರಲಿಲ್ಲ. ಹಾಗಾಗಿ ಕೆಳಗಿನ ಬರಹದಲ್ಲಿ "ನಾವು" ಅಂತ ಬಂದರೆ ನಾನು ಮತ್ತು ಅಪ್ಪ.

ಮಾರ್ಚ್ 8, ಶನಿವಾರ, 2025

ತರಕಾರಿ ತರಲು ಹೋಗಿದ್ದೆ. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿದೆ, ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತುಬಿಟ್ಟಿತು. ಬೂಟಿನ ತುದಿ ಕೆಳಗೆ ತೂರಿಸಿ ಎತ್ತಿದರೆ ಮೇಲೆ ಬರುತ್ತೆ, ಒತ್ತಿದರೆ ಮತ್ತೆ ಬೀಳುತ್ತೆ. ಎಂಜಿನ್ ಆಫ್ ಮಾಡಿ, ಮೊದಲ ಗೇರಿಗೆ ಹಾಕಿ, ಕೀ ತಿರುಗಿಸುವಾಗ ಹತ್ತು ಹನ್ನೆರಡು ಸಲ ಪೆಡಲ್ ಪಂಪ್ ಮಾಡಿದೆ. ಹೇಗೋ ಹೊರಟಿತು. ಎರಡು ಮೈಲಿ ಒಂದೇ ಗೇರಿನಲ್ಲಿ ಮನೆಗೆ ತಂದೆ. ಹಿಂದಿನವರು ಹಾರ್ನ್ ಹೊಡೆದಿದ್ದು ನ್ಯಾಯವೇ.

ಬಾನೆಟ್ ತೆಗೆದು ನೋಡಿದರೆ ಕ್ಲಚ್ ಆಯಿಲಿನ ಚಿಕ್ಕ ಡಬ್ಬಿ ತಳ ಮುಟ್ಟಿತ್ತು. ಉಳಿದಿದ್ದು ಫಿಲ್ಟರ್ ಕಾಫಿ ಡಿಕಾಕ್ಷನ್ ಬಣ್ಣದ್ದು. ಮುಂದಿನ ಬಲಗಡೆ ಚಕ್ರ ಬಿಚ್ಚಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಪಾರ್ಟು) ರಬ್ಬರ್ ಟೋಪಿಯನ್ನು ಬೆರಳಿನಲ್ಲಿ ಸ್ವಲ್ಪ ಸರಿಸಿದೆ. ಮೊಣಕೈವರೆಗೂ ಕಪ್ಪು ಎಣ್ಣೆ ಇಳಿಯಿತು. ಒಳಗಿನ ಸೀಲ್ ಹೋಗಿದೆ, ಅನುಮಾನವೇ ಇಲ್ಲ. ಈ ಕಾರಿಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಪಾರ್ಟ್ ಬದಲಾಯಿಸಿರುತ್ತಾರೆ.

ಹೊಸ ಸ್ಲೇವ್ ಸಿಲಿಂಡರ್ 28 ಡಾಲರ್. ಅಪ್ಪ ಮನಸ್ಸಿನಲ್ಲೇ ರೂಪಾಯಿಗೆ ಬದಲಾಯಿಸಿ, "ಎರಡು ಸಾವಿರದ ನಾನ್ನೂರು!" ಅಂದರು. ಆಮೇಲೆ ಎರಡು ತಿಂಗಳು ಪ್ರತಿ ಬಿಲ್ಲಿಗೂ ಇದೇ ಪೂಜೆ.

ಮಾರ್ಚ್ 9, ಭಾನುವಾರ: ಮೊದಲ ತಪ್ಪು

ಸ್ಲೇವಿಗೆ ಬರುವ ಪೈಪಿನ ನಟ್ಟು 10 ಎಂಎಂ. ಮೃದುವಾದ ಲೋಹ, ಮೂವತ್ತು ವರ್ಷ ಹಳೆಯದು. ಇದಕ್ಕೆ ಫ್ಲೇರ್ ನಟ್ ಸ್ಪ್ಯಾನರ್ ಬೇಕು ಅಂತ ಓದಿದ್ದೆ. ಸಾಮಾನ್ಯ ಸ್ಪ್ಯಾನರ್ ಕೈಯಲ್ಲಿತ್ತು, ಅಂಗಡಿ ಆರು ಮೈಲಿ ದೂರ ಇತ್ತು. "ಒಂದ್ಸಲ ನೋಡೋಣ" ಅಂತ ಹಾಕಿದೆ. ಎರಡನೇ ಎಳೆತಕ್ಕೆ ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾಯಿತು.

ಫ್ಲೇರ್ ನಟ್ ಸ್ಪ್ಯಾನರ್ ಅಂದರೆ ಬಾಯಿ ಸ್ವಲ್ಪವೇ ತೆರೆದ ರಿಂಗ್ ಸ್ಪ್ಯಾನರ್. ಪೈಪ್ ಒಳಗೆ ತೂರುವಷ್ಟೇ ಸಂದು, ಮಿಕ್ಕಂತೆ ನಟ್ಟನ್ನು ಸುತ್ತಲೂ ಹಿಡಿಯುತ್ತದೆ. ಸೆಟ್ಟಿಗೆ 24 ಡಾಲರ್. ಅದನ್ನು ತಂದಾಗ ಅದು ಹಿಡಿಯಲು ಮೂಲೆಗಳೇ ಉಳಿದಿರಲಿಲ್ಲ. ಕೊನೆಗೆ ವೈಸ್ ಗ್ರಿಪ್ ಕಚ್ಚಿಸಿ, ಸುತ್ತ ಎಣ್ಣೆ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು, ತುಸು ತುಸುವೇ ತಿರುಗಿಸಿದೆ. ಬಿಟ್ಟುಕೊಂಡಿತು. ನಟ್ಟಿನ ಮೇಲೆ ಹಲ್ಲಿನ ಗುರುತು ಈಗಲೂ ಇದೆ. ಥ್ರೆಡ್ ಚೆನ್ನಾಗಿರುವುದರಿಂದ ಹಾಗೇ ಬಿಟ್ಟಿದ್ದೇನೆ.

ಸ್ಲೇವನ್ನು ಹಿಡಿದಿರುವುದು 12 ಎಂಎಂ ತಲೆಯ ಎರಡು ಬೋಲ್ಟು. ಅವು ಸುಲಭವಾಗಿ ಬಂದವು. ಅಷ್ಟಕ್ಕೆ ಕತ್ತಲಾಯಿತು.

ಮಾರ್ಚ್ 15: ಹಿಡಿ, ಬಿಡಿ

ಹೊಸ ಸ್ಲೇವ್ ಕೂರಿಸಿದೆ. ಪೈಪಿನ ನಟ್ಟನ್ನು ಮೊದಲು ಕೈಯಲ್ಲೇ ಮೂರು ಸುತ್ತು ತಿರುಗಿಸಿಕೊಂಡು, ಆಮೇಲೆ ಎರಡು ಬೋಲ್ಟು ಹಾಕಿದೆ. ಬೋಲ್ಟು ಮೊದಲು ಬಿಗಿ ಮಾಡಿದರೆ ಪೈಪು ನೇರಕ್ಕೆ ಕೂರುವುದಿಲ್ಲ, ನಟ್ಟು ಅಡ್ಡ ಥ್ರೆಡ್ ಹತ್ತುತ್ತದೆ. ಬೋಲ್ಟಿನ ಬಿಗಿ 22 ನ್ಯೂಟನ್ ಮೀಟರ್.

ಈಗ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ. ಅದಕ್ಕಿರುವ ಚಿಕ್ಕ ತಿರುಪು, ಬ್ಲೀಡರ್ ನಿಪ್ಪಲ್, 8 ಎಂಎಂ. ಅದಕ್ಕೆ ಮೀನಿನ ತೊಟ್ಟಿಯ ಪ್ಲಾಸ್ಟಿಕ್ ಟ್ಯೂಬು, ಟ್ಯೂಬಿನ ತುದಿ ಕ್ಲಚ್ ಆಯಿಲ್ ತುಂಬಿದ ಬಾಟಲಿನಲ್ಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿರುವವರು ನಿಪ್ಪಲ್ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಮುಚ್ಚಬೇಕು, ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಪೆಡಲ್ ಮೊದಲೇ ಬಿಟ್ಟರೆ ಗಾಳಿ ವಾಪಸ್ಸು ಒಳಗೆ.

ಅಪ್ಪ ಸೀಟಿನಲ್ಲಿ, ನಾನು ಕಾರಿನ ಕೆಳಗೆ. "ಒತ್ತಿ" ಅಂದರೆ ಒತ್ತುತ್ತಾರೆ. "ಹಿಡಿ" ಅಂದರೆ ಬಿಡುತ್ತಾರೆ! ಮುಕ್ಕಾಲು ಗಂಟೆ ಹೀಗೇ ಹೋಯಿತು. ಬಾಟಲಿನಲ್ಲಿ ಗುಳ್ಳೆ ನಿಲ್ಲುತ್ತಲೇ ಇಲ್ಲ. ಹೊಸ ಪಾರ್ಟೇ ಕೆಟ್ಟದ್ದು ಅಂತ ನಾನು ಬೈದುಕೊಳ್ಳುತ್ತಿದ್ದೆ. ಗ್ಯಾರೇಜಿಗೆ ಕಾಫಿ ತಂದ ಅಮ್ಮ ಎರಡು ನಿಮಿಷ ನಿಂತು ನೋಡಿ, "ಅವನು ಹಿಡಿ ಅಂತಿದಾನೆ, ನೀವು ಬಿಡಿ ಅಂತ ಕೇಳಿಸ್ಕೊಂಡು ಬಿಡ್ತಿದೀರ" ಅಂದರು. ಕಾರಿನ ತಗಡಿನ ಕೆಳಗಿಂದ ಹಿಡಿ, ಬಿಡಿ ಎರಡೂ ಒಂದೇ ಥರ ಕೇಳುತ್ತದೆ. ಅಪ್ಪನಿಗೆ ಎಡಗಿವಿ ಸ್ವಲ್ಪ ಮಂದ ಬೇರೆ.

ಆಮೇಲೆ ಲೆಕ್ಕಕ್ಕೆ ಬದಲಾಯಿಸಿದೆವು. ಒಂದು ಅಂದರೆ ಒತ್ತಿ ಹಿಡಿಯುವುದು, ನಾಲ್ಕು ಅಂದರೆ ಬಿಡುವುದು. ಮಧ್ಯದ ಎರಡು ಮೂರು ನನ್ನ ನಿಪ್ಪಲ್ ಕೆಲಸಕ್ಕೆ. ಇನ್ನೊಂದು ತೊಂದರೆ ಇತ್ತು. ಗಾಳಿ ಇರುವವರೆಗೂ ಪೆಡಲ್ ತಾನಾಗಿ ಮೇಲೆ ಬರುವುದಿಲ್ಲ, ಪ್ರತಿ ಸಲ ಬಗ್ಗಿ ಕೈಯಲ್ಲಿ ಎತ್ತಬೇಕು. ಅಪ್ಪ ಹಳೇ ಪೈಜಾಮದ ಲಾಡಿ ತೆಗೆದು ಪೆಡಲಿಗೆ ಗಂಟು ಹಾಕಿ, ಸ್ಟೀರಿಂಗ್ ಪಕ್ಕದಿಂದ ಎಳೆದುಕೊಂಡರು. ಬಾವಿಯಿಂದ ನೀರು ಸೇದಿದ ಹಾಗೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಮುಗಿದಿದೆಯಾ ಅಂತ ನೋಡಲು ಸ್ಲೇವಿನ ರಾಡ್ ಪಕ್ಕ ಸ್ಟೀಲ್ ಸ್ಕೇಲ್ ಹಿಡಿದು ಫೋನಿನಲ್ಲಿ ವಿಡಿಯೋ ಮಾಡಿದೆ. ಗಾಳಿ ಇದ್ದಾಗ ರಾಡ್ 7 ಎಂಎಂ ಮಾತ್ರ ಚಲಿಸುತ್ತಿತ್ತು. ಈಗ 13 ಎಂಎಂ. ರಿವರ್ಸ್ ಗೇರು ಕರಕರ ಅನ್ನದೆ ಬಿತ್ತು.

ಖರ್ಚು: ಸ್ಲೇವ್ 28, ಸ್ಪ್ಯಾನರ್ ಸೆಟ್ 24, ಡಾಟ್ 3 ಕ್ಲಚ್ ಆಯಿಲ್ 9. ಒಟ್ಟು 61 ಡಾಲರ್.

ಮಾರ್ಚ್ 29: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕ್ಲಚ್ ಕೆಲಸ ಮಾಡುವಾಗ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ ತಳದಲ್ಲಿ ಎಂಜಿನ್ ಆಯಿಲ್ ತೊಟ್ಟಿಕ್ಕುವುದು ಕಂಡಿತ್ತು. ರಟ್ಟು ಹಾಸಿ ನೋಡಿದೆ. ರಾತ್ರಿಗೆ ಎಂಟು ಹತ್ತು ಹನಿ. ಹತ್ತಿರದ ಒಂದು ಗ್ಯಾರೇಜಿನಲ್ಲಿ ಕೇಳಿದರೆ, "ಹಿಂದಿನ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 900 ಡಾಲರ್" ಅಂದರು. ಎಂಜಿನ್ನಿನ ಹಿಂಬದಿಯಲ್ಲಿ ಕ್ರ್ಯಾಂಕ್ ಸುತ್ತ ಎಣ್ಣೆ ತಡೆಯುವ ಸೀಲ್ ಅದು. ಬಗ್ಗಿ ನೋಡದೆಯೇ ಹೇಳಿದ್ದು. ನಾನೂ ಬಗ್ಗಿ ನೋಡದೆಯೇ ಇನ್ನೊಂದು ತೀರ್ಮಾನಕ್ಕೆ ಬಂದೆ. ಎಂಜಿನ್ನಿನ ಮೇಲ್ಮುಚ್ಚಳದ, ಅಂದರೆ ವಾಲ್ವ್ ಕವರಿನ, ಅಂಚಿನಲ್ಲಿ ಎಣ್ಣೆ ಪಸೆ ಇತ್ತು. ಹಾಗಾಗಿ ಅದರ ಗ್ಯಾಸ್ಕೆಟ್ಟೇ ಕಾರಣ ಅಂತ 22 ಡಾಲರಿನ ಗ್ಯಾಸ್ಕೆಟ್ ತರಿಸಿದೆ.

ಬಿಚ್ಚುವುದು ಸಲೀಸು. ಪ್ಲಗ್ ವೈರು ತೆಗೆ, ಎರಡು ಗಾಳಿ ಪೈಪು ತೆಗೆ, 10 ಎಂಎಂ ತಲೆಯ ಬೋಲ್ಟುಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸು. ಹಳೇ ಗ್ಯಾಸ್ಕೆಟ್ ಹಪ್ಪಳದ ಹಾಗೆ ಮುರಿಯಿತು. ಅಂಚುಗಳನ್ನು ಹಳೇ ಬನಿಯನ್ನಿನಲ್ಲಿ ಒರೆಸಿ, ಕ್ಯಾಮ್ (ವಾಲ್ವ್ ತೆರೆಯುವ ದಂಡ) ಕ್ಯಾಪುಗಳು ಎಂಜಿನ್ನಿನ ತಲೆಗೆ (ಸಿಲಿಂಡರ್ ಹೆಡ್) ಸೇರುವ ಮೂಲೆಗಳಲ್ಲಿ ಸೀಲೆಂಟಿನ ಕಡಲೆಬೇಳೆಯಷ್ಟು ಚುಕ್ಕಿ ಇಟ್ಟು, ಹೊಸದನ್ನು ಕೂರಿಸಿದೆ.

ಈಗ ಈ ಬರಹದ ಅತಿ ದೊಡ್ಡ ಪೆದ್ದುತನ. ಆ ಬೋಲ್ಟುಗಳಿಗೆ ಬೇಕಾದ ಬಿಗಿ 5ರಿಂದ 9 ನ್ಯೂಟನ್ ಮೀಟರ್. ಅಂದರೆ ಕೈಬೆರಳಿನ ಬಿಗಿಗಿಂತ ಸ್ವಲ್ಪ ಜಾಸ್ತಿ. ನನ್ನ ಹತ್ತಿರ ಇದ್ದ ಟಾರ್ಕ್ ರೆಂಚು (ಬಿಗಿ ಅಳೆಯುವ ಸ್ಪ್ಯಾನರ್) ಚಕ್ರದ ನಟ್ಟಿಗೆ ತಂದಿದ್ದು. ಅದರ ಅಳತೆ ಶುರುವಾಗುವುದೇ 20ರಿಂದ. ನಾನು ಅದನ್ನು 20ಕ್ಕೂ ಕೆಳಗೆ, ಗೆರೆ ಇಲ್ಲದ ಜಾಗಕ್ಕೆ ತಿರುಗಿಸಿ, "ಸುಮಾರು 8 ಇರಬಹುದು" ಅಂತ ಅಂದಾಜು ಮಾಡಿದೆ. ಬಿಗಿ ಸಾಕಾದಾಗ ಬರುವ ಕ್ಲಿಕ್ ಶಬ್ದಕ್ಕೆ ಕಾದೆ. ಕ್ಲಿಕ್ ಬರಲಿಲ್ಲ. ಐದನೇ ಬೋಲ್ಟು ಬೆಣ್ಣೆಯ ಹಾಗೆ ಮೆತ್ತಗಾಯಿತು. ಆಗಲಾದರೂ ನಿಲ್ಲಿಸಬೇಕಿತ್ತು ಅಲ್ವಾ? ಇನ್ನೊಂದು ಕಾಲು ಸುತ್ತು ಎಳೆದೆ. ಟಕ್. ಬೋಲ್ಟಿನ ತಲೆ ಸಾಕೆಟ್ಟಿನಲ್ಲಿ, ದೇಹ ಎಂಜಿನ್ನಿನಲ್ಲಿ.

ಮರುದಿನ ಯುಗಾದಿ. ಹಬ್ಬದ ದಿನ ಗ್ಯಾರೇಜಿಗೆ ಕಾಲಿಡಬೇಡ ಅಂತ ಅಮ್ಮನ ಕಟ್ಟಪ್ಪಣೆ. ಬೇವು ನಾನು ಒಂದು ದಿನ ಮೊದಲೇ ತಿಂದಾಗಿತ್ತು.

ಏಪ್ರಿಲ್ 5

ಕವರ್ ಮತ್ತೆ ಬಿಚ್ಚಿದೆ. ಮುರಿದ ಬೋಲ್ಟು ಎಂಜಿನ್ ತಲೆಯ ಮಟ್ಟಕ್ಕೆ ಸರಿಯಾಗಿ ತುಂಡಾಗಿತ್ತು. ಹಿಡಿಯಲು ಏನೂ ಇಲ್ಲ. ಅದು 6 ಎಂಎಂ ಬೋಲ್ಟು, ಸುತ್ತಲೂ ಅಲ್ಯೂಮಿನಿಯಂ. ತೂತು ಒಂದು ಕೂದಲು ಆಚೀಚೆ ಆದರೂ ಎಂಜಿನ್ನಿನ ಥ್ರೆಡ್ ಹಾಳು.

ಇದಕ್ಕೆ ಎಡಗೈ ಡ್ರಿಲ್ ಬಿಟ್ಟು ಅಂತ ಸಿಗುತ್ತದೆ. ಡ್ರಿಲ್ಲನ್ನು ಉಲ್ಟಾ ತಿರುಗಿಸಿದಾಗ ಕೊರೆಯುತ್ತದೆ. ಕೊರೆಯುವ ದಿಕ್ಕೂ ಬೋಲ್ಟು ಬಿಚ್ಚುವ ದಿಕ್ಕೂ ಒಂದೇ. ಸೆಟ್ಟಿಗೆ 19 ಡಾಲರ್. ಕ್ಯಾಮ್‌ಗಳ ಮೇಲೆಲ್ಲ ಒದ್ದೆ ಬಟ್ಟೆ ಹಾಸಿ, ಲೋಹದ ಪುಡಿ ಒಳಗೆ ಬೀಳದ ಹಾಗೆ ಮಾಡಿದೆ. ಸೆಂಟರ್ ಪಂಚಿನಿಂದ ನಡುವಲ್ಲಿ ಗುರುತು ಹೊಡೆಯಲು ಅಪ್ಪನಿಗೆ ಕೊಟ್ಟೆ, ಅವರ ಕೈ ನಡುಗುವುದಿಲ್ಲ. ಕನ್ನಡಕ ಹಣೆಗೇರಿಸಿ, ಉಸಿರು ಹಿಡಿದು, ಒಂದೇ ಏಟು. ಅದು ಪಕ್ಕಾ ನಡುವಲ್ಲಿತ್ತು. 2 ಎಂಎಂ ಬಿಟ್ಟಿನಲ್ಲಿ ದಾರಿ ಮಾಡಿ, 3 ಎಂಎಂ ಹಾಕಿ ನಿಧಾನಕ್ಕೆ ಒತ್ತಿದೆ. ನಾಲ್ಕೈದು ಎಂಎಂ ಇಳಿದಿರಬೇಕು, ಬಿಟ್ಟು ಕಚ್ಚಿಕೊಂಡು ತುಂಡು ತಾನಾಗೇ ತಿರುಗಿ ಮೇಲೆ ಬಂತು. ಬೋಲ್ಟು ತಳ ಮುಟ್ಟಿ ಕಚ್ಚಿಕೊಂಡು ಮುರಿದಿದ್ದಲ್ಲ, ಸುಮ್ನೆ ಎಳೆದು ಮುರಿದಿದ್ದು. ಹಾಗಾಗಿ ಒಳಗೆ ಸಡಿಲವಾಗಿಯೇ ಇತ್ತು. ಅದೃಷ್ಟ ಅಂತಲೇ ಬರೆದುಕೊಳ್ಳಿ.

ಚಿಕ್ಕ ಟಾರ್ಕ್ ರೆಂಚು 38 ಡಾಲರ್, ಹೊಸ ಬೋಲ್ಟು 3, ಸೀಲೆಂಟ್ 8. ಗ್ಯಾಸ್ಕೆಟ್ ಮತ್ತು ಡ್ರಿಲ್ ಬಿಟ್ಟು ಸೇರಿ 90 ಡಾಲರ್. ಮೂಗಿಗಿಂತ ಮೂಗುತಿ ಭಾರ. 7 ನ್ಯೂಟನ್ ಮೀಟರಿಗೆ ಇಟ್ಟು ಬಿಗಿ ಮಾಡಿದರೆ ಪುಟ್ಟ ಕ್ಲಿಕ್ ಕೇಳಿಸಿತು. ಅಷ್ಟು ಕಡಿಮೆ ಬಿಗಿಯಾ ಅಂತ ಆಶ್ಚರ್ಯವಾಗುತ್ತೆ.

ರಾತ್ರಿ ಹೊಸ ರಟ್ಟು ಹಾಸಿದೆ. ಬೆಳಿಗ್ಗೆ ಒಂಬತ್ತು ಹನಿ.

ಏಪ್ರಿಲ್ 19: ಅಮ್ಮನ ಪೌಡರ್ ಡಬ್ಬಿ

ಒಂದು ವಾರಾಂತ್ಯ ಸಿಟ್ಟಿನಲ್ಲಿ ಕಾರಿನ ಮುಖ ನೋಡಲಿಲ್ಲ. ಆಮೇಲೆ ಅಪ್ಪನೇ ಹೇಳಿದರು. "ಸೋರೋದನ್ನ ಹುಡುಕ್ಬೇಕಾದ್ರೆ ಮೊದ್ಲು ತೊಳೀಬೇಕು. ಯೆಜ್ಡಿ ಕ್ರ್ಯಾಂಕ್‌ಕೇಸಿಗೆ ನಾವು ಪೌಡರ್ ಹಾಕಿ ನೋಡ್ತಿದ್ವಿ."

ಬ್ರೇಕ್ ಕ್ಲೀನರ್ ಎರಡು ಡಬ್ಬ, 12 ಡಾಲರ್. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು, ಎಂಜಿನ್ ತಣ್ಣಗಿದ್ದಾಗ, ತಲೆಯ ಹಿಂಭಾಗ, ಬ್ಲಾಕು, ಗೇರ್‌ಬಾಕ್ಸ್ ಕವಚ ಎಲ್ಲವನ್ನೂ ತೊಳೆದೆ. ಪೂರ್ತಿ ಒಣಗಿದ ಮೇಲೆ ಅಮ್ಮನ ಪಾಂಡ್ಸ್ ಪೌಡರನ್ನು ಪೇಂಟ್ ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿದೆವು. ಎಂಜಿನ್ನಿಗೆ ಮದುವೆ ಮನೆ ವಾಸನೆ. ಹದಿನೈದು ನಿಮಿಷ ಓಡಿಸಿ, ನಿಲ್ಲಿಸಿ, ಪುಟ್ಟ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದೆವು.

ಮೇನ್ ಸೀಲಿನ ಜಾಗ ಬೆಳ್ಳಗೆ ಒಣಗಿತ್ತು. ವಾಲ್ವ್ ಕವರಿನ ಅಂಚೂ ಬೆಳ್ಳಗೆ. ತಲೆಯ ತೀರಾ ಹಿಂದೆ, ಡ್ಯಾಶ್ ಕಡೆಯ ತಗಡಿಗೆ ಅಂಟಿದ ಹಾಗಿರುವ, ಕ್ಯಾಮ್ ತಿರುಗುವುದನ್ನು ಅಳೆಯುವ ಕ್ಯಾಮ್ ಆಂಗಲ್ ಸೆನ್ಸರಿನ ಬುಡದಿಂದ ಒಂದೇ ಒಂದು ಕಂದು ಗೆರೆ, ಜೋಳದ ದಂಟಿನಷ್ಟು ನೇರ, ಕೆಳಗೆ ಗೇರ್‌ಬಾಕ್ಸಿನವರೆಗೆ ಇಳಿದಿತ್ತು. ಅಲ್ಲಿಂದ ಕವಚದ ಸುತ್ತ ಹರಿದು ತಳದಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗಿಂದ ನೋಡಿದವರಿಗೆ ಮೇನ್ ಸೀಲ್ ಅಂತಲೇ ಅನಿಸುವುದು ಸಹಜ.

ಆ ಸೆನ್ಸರಿನ ಬುಡದಲ್ಲಿರುವುದು ಒಂದು ರಬ್ಬರ್ ಓ-ರಿಂಗ್. ಬೆಲೆ 4 ಡಾಲರ್, ಕಳಿಸುವ ಖರ್ಚು 8.

ಏಪ್ರಿಲ್ 26

ಸೆನ್ಸರನ್ನು ತಿರುಗಿಸಿದರೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ಬದಲಾಗುತ್ತದೆ. ಹಾಗಾಗಿ ಬಿಚ್ಚುವ ಮೊದಲು ಸೆನ್ಸರ್ ಮತ್ತು ಎಂಜಿನ್ ಎರಡರ ಮೇಲೂ ಸೇರುವ ಹಾಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ಹಿಡಿದಿರುವುದು 12 ಎಂಎಂ ತಲೆಯ ಬೋಲ್ಟು. ಒಂದು ಕಡೆ ಕಾಯಿಲ್ ಪ್ಯಾಕು, ಇನ್ನೊಂದು ಕಡೆ ಹೀಟರ್ ಪೈಪು, ಕೈ ಹಾಕಲು ಜಾಗವೇ ಇಲ್ಲ. ಕಣ್ಣಿಗೂ ಕಾಣುವುದಿಲ್ಲ. ಬೆರಳಿನಲ್ಲೇ ಹುಡುಕಿಕೊಂಡು, ಉದ್ದದ ಎಕ್ಸ್‌ಟೆನ್ಷನ್ ಹಾಕಿ ಸಡಿಲಿಸಿದೆ. ವೈರಿನ ಕನೆಕ್ಟರ್ ಕ್ಲಿಪ್ ಮುಟ್ಟಿದ ಕೂಡಲೇ ಮುರಿಯಿತು. ಮೂವತ್ತು ವರ್ಷ ಎಂಜಿನ್ ಬಿಸಿಗೆ ಬೆಂದ ಪ್ಲಾಸ್ಟಿಕ್. ಈಗ ಅದಕ್ಕೆ ಜಿಪ್ ಟೈ ಕಟ್ಟಿದ್ದೇನೆ.

ಹಳೇ ಓ-ರಿಂಗನ್ನು ಅಂಗೈಯಲ್ಲಿ ಇಟ್ಟು ನೋಡಿದೆ. ರಬ್ಬರಿನ ಗುಣವೇ ಉಳಿದಿಲ್ಲ. ದುಂಡಗಿರಬೇಕಾದ್ದು ಚಪ್ಪಟೆಯಾಗಿ, ಗಾಜಿನ ಬಳೆಯಷ್ಟು ಗಟ್ಟಿಯಾಗಿತ್ತು. ಬಗ್ಗಿಸಿದರೆ ಎರಡು ತುಂಡು. ಹೊಸದಕ್ಕೆ ಎಂಜಿನ್ ಆಯಿಲ್ ಸವರಿ ಹಾಕಿದೆ. ಸೆನ್ಸರಿನ ಕೊಕ್ಕೆಯ ಕಚ್ಚು ನಡುವಿನಲ್ಲಿಲ್ಲ, ಸ್ವಲ್ಪ ಪಕ್ಕಕ್ಕಿದೆ. ಹಾಗಾಗಿ ಉಲ್ಟಾ ಕೂರುವ ಭಯ ಇಲ್ಲ. ಬಿಳಿ ಗೆರೆಗೆ ಗೆರೆ ಸೇರಿಸಿ ಬಿಗಿ ಮಾಡಿದೆ.

ಗೆರೆ ಸೇರಿದರೂ ಟೈಮಿಂಗ್ ನೋಡಲೇಬೇಕು. ಪಾರ್ಟ್ಸ್ ಅಂಗಡಿಯಲ್ಲಿ ಅದನ್ನು ಅಳೆಯುವ ಟೈಮಿಂಗ್ ಲೈಟನ್ನು ಠೇವಣಿ ಇಟ್ಟು ತಂದರೆ, ವಾಪಸ್ಸು ಕೊಟ್ಟಾಗ ಹಣ ಪೂರ್ತಿ ಕೊಡುತ್ತಾರೆ. ಎಂಜಿನ್ ಬಿಸಿಯಾದ ಮೇಲೆ, ಬಾನೆಟ್ ಒಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟೆನ್ (TEN) ಮತ್ತು ಗ್ರೌಂಡ್ (GND) ಅನ್ನುವ ಎರಡು ತೂತಿಗೂ ಸೇರುವ ಹಾಗೆ ಒಂದು ತುಂಡು ವೈರ್ ಸಿಕ್ಕಿಸಬೇಕು. ಐಡಲ್ ವೇಗ ನಿಮಿಷಕ್ಕೆ 850 ಸುತ್ತು ಇರಬೇಕು, ಟೈಮಿಂಗ್ 10 ಡಿಗ್ರಿ. ನನ್ನದು 12 ತೋರಿಸಿತು. ಪೇಂಟ್ ಗೆರೆ ದಪ್ಪ ಎಳೆದಿದ್ದರ ಫಲ. ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, 10ಕ್ಕೆ ತಂದೆ.

ಮರುದಿನ ಬೆಳಿಗ್ಗೆ ರಟ್ಟಿನ ಮೇಲೆ ಹನಿ ಇಲ್ಲ. ಅಪ್ಪ ರಟ್ಟನ್ನು ಒಳಗೆ ತಂದು ಅಮ್ಮನಿಗೆ ತೋರಿಸಿದರು. "ಖಾಲಿ ರಟ್ಟು ಏನ್ರೀ ನೋಡೋದು" ಅಂದರು ಅಮ್ಮ.

ಮೇ 3: ಪೈನ್ ಎಲೆ

ಇದು ಚಿಕ್ಕ ಕೆಲಸ. ಇಲ್ಲಿ ಎಲ್ಲಿ ನೋಡಿದರೂ ಪೈನ್ ಮರ. ಏಪ್ರಿಲಿನಲ್ಲಿ ಕಾರಿನ ಮೇಲೆ ಅರಿಶಿನ ಎರಚಿದ ಹಾಗೆ ಹಳದಿ ಪರಾಗ, ವರ್ಷವಿಡೀ ಸೂಜಿಯಂಥ ಎಲೆ. ಮಿಯಾಟಾದ ಬಟ್ಟೆ ಟಾಪಿನ ಮೇಲೆ ಬಿದ್ದ ನೀರು ಸೀಟಿನ ಹಿಂದೆ ಎರಡೂ ಪಕ್ಕದ ರಂಧ್ರಗಳಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ರಂಧ್ರ ಕಟ್ಟಿಕೊಂಡರೆ ನೀರು ಕಾರ್ಪೆಟ್ಟಿಗೆ ಬರುತ್ತದೆ, ಬಾಗಿಲ ಕೆಳಗಿನ ತಗಡು ಒಳಗಿಂದ ತುಕ್ಕು ಹಿಡಿಯುತ್ತದೆ. ಈ ಕಾರುಗಳು ಸಾಯುವುದು ಹೆಚ್ಚಾಗಿ ಹೀಗೇ.

ತಪ್ಪು: ಕಟ್ಟಿದೆಯಾ ಅಂತ ನೋಡಲು ಅರ್ಧ ಲೀಟರ್ ನೀರು ಸುರಿದೆ. ಕಟ್ಟಿತ್ತು. ಅರ್ಧ ಲೀಟರೂ ಕಾರ್ಪೆಟ್ಟಿಗೆ.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ, 6 ಡಾಲರ್. ಅದನ್ನು ಮೇಲಿಂದ ತಿರುಗಿಸುತ್ತಾ ತೂರಿಸಿದರೆ ಬಾಗುತ್ತಾ ಹೋಗುತ್ತದೆ, ಒಳಗಿನ ಟ್ಯೂಬ್ ಹರಿಯುವುದಿಲ್ಲ. ಕಬ್ಬಿಣದ ತಂತಿ ಬೇಡ. ಎಡಗಡೆಯಿಂದ ಒಂದು ಹಿಡಿ ಕಪ್ಪು ಗೊಬ್ಬರ ಬಂತು, ಅಮ್ಮ ಅದನ್ನು ಕರಿಬೇವಿನ ಕುಂಡಕ್ಕೆ ಹಾಕಿದರು. ಆಮೇಲೆ ಇನ್ನರ್ಧ ಲೀಟರ್ ಸುರಿದರೆ ಹತ್ತು ಸೆಕೆಂಡಿನಲ್ಲಿ ನೆಲದಲ್ಲಿತ್ತು. ಕಾರ್ಪೆಟ್ ಒಣಗಲು ಫ್ಯಾನ್ ಇಟ್ಟು ಮೂರು ದಿನ.

ಮೇ 10: ಮತ್ತೆ ಕ್ಲಚ್ಚು

ಪೆಡಲ್ ಮತ್ತೆ ಮೆತ್ತಗಾಯಿತು. ಸ್ಲೇವ್ ಒಣಗಿದೆ. ಡ್ಯಾಶಿನ ಕೆಳಗೆ ಕೈ ಹಾಕಿದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಸ್ಲೇವಿಗೆ ತಳ್ಳುವ ಪಾರ್ಟು) ರಾಡ್ ಒದ್ದೆ. ಇದೂ ನಮ್ಮದೇ ಕೆಲಸ. ಹಿಡಿ-ಬಿಡಿ ಗಲಾಟೆಯಲ್ಲಿ ಪೆಡಲನ್ನು ಎಂದೂ ಹೋಗದಷ್ಟು ಆಳಕ್ಕೆ, ನೂರಾರು ಸಲ ಒತ್ತಿದ್ದೆವು. ಸಿಲಿಂಡರಿನ ಆ ತುದಿಯಲ್ಲಿ ವರ್ಷಗಟ್ಟಲೆ ಪಿಸ್ಟನ್ ಓಡಾಡಿರುವುದಿಲ್ಲ, ತುಕ್ಕಿನ ಹರಳು ಕೂತಿರುತ್ತದೆ. ಹಳೇ ಸೀಲ್ ಅದರ ಮೇಲೆ ಉಜ್ಜಿ ಹರಿಯಿತು. ಮಾಸ್ಟರ್, ಸ್ಲೇವ್ ಎರಡನ್ನೂ ಒಟ್ಟಿಗೆ ಬದಲಾಯಿಸಿ ಅಂತ ತಿಳಿದವರು ಹೇಳುವುದು ಇದಕ್ಕೇ. ನಾನು 65 ಡಾಲರ್ ಉಳಿಸಲು ಹೋಗಿದ್ದೆ.

ಬಿಚ್ಚಲು ಸೀಟಿನ ಮೇಲೆ ಕಾಲು ಮೇಲೆ ಮಾಡಿ, ತಲೆಯನ್ನು ಪೆಡಲ್ ಹತ್ತಿರ ಇಟ್ಟು ಮಲಗಬೇಕು. ಮಿಯಾಟಾದಲ್ಲಿ ಹೀಗೆ ಮಲಗಿದರೆ ಮೊಣಕಾಲು ಕಾರಿನ ಹೊರಗಿರುತ್ತೆ. ಟಾಪ್ ಮಡಚಿಟ್ಟು ಮಾಡಿದೆ, ಅದೊಂದೇ ಬುದ್ಧಿ ಬಂದಿದ್ದು. ಮಡಚುವ ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಇಲ್ಲದಿದ್ದರೆ ಅದು ಸೀಳುತ್ತದೆ. ಪೈಪ್ ನಟ್ಟಿಗೆ ಈ ಸಲ ಫ್ಲೇರ್ ಸ್ಪ್ಯಾನರೇ ಹಾಕಿದೆ. ಕೆಳಗೆ ಬಟ್ಟೆ ಹಾಸಿದ್ದರೂ ಆಯಿಲಿನ ನಾಲ್ಕು ಹನಿ ತಪ್ಪಿಸಿಕೊಂಡು ಬಾನೆಟ್ ಒಳಗಿನ ಕೆಂಪು ಬಣ್ಣದ ಮೇಲೆ ಬಿದ್ದವು. ಗಮನಿಸಿದ್ದು ಊಟ ಆದ ಮೇಲೆ. ಅಷ್ಟರಲ್ಲಿ ಬಣ್ಣ ದೋಸೆ ಹಿಟ್ಟಿನ ಹಾಗೆ ಉಬ್ಬಿತ್ತು. ಬಿದ್ದ ಕೂಡಲೇ ನೀರು ಹಾಕಿದ್ದರೆ ಉಳಿಯುತ್ತಿತ್ತು.

ಹೊಸ ಮಾಸ್ಟರನ್ನು ಕೂರಿಸುವ ಮೊದಲು ಮೇಜಿನ ಮೇಲೇ ಆಯಿಲ್ ತುಂಬಿಸಿ, ರಾಡ್ ಒತ್ತಿ ಗಾಳಿ ತೆಗೆದೆ. ಕಾರಿನಲ್ಲಿ ಬ್ಲೀಡ್ ಮಾಡಲು ಹದಿನೈದು ನಿಮಿಷ ಸಾಕಾಯಿತು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟು, ಅದು ಪೂರ್ತಿ ನೆಲಕ್ಕೆ ಹೋಗದ ಹಾಗೆ ಮಾಡಿದ್ದೆ. ಲಾಡಿ ಬೇಕಾಗಲಿಲ್ಲ. ರಾಡಿನ ಚಲನೆ 13 ಎಂಎಂ. ಮಾಸ್ಟರ್ 65, ಆಯಿಲ್ 9.

ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಜೋರ್ಡನ್ ಕೆರೆಯವರೆಗೆ ಬಂದರು. ಮಂಕಿ ಟೋಪಿ ಹಾಕಿಕೊಂಡೇ, ಮೇ ತಿಂಗಳಲ್ಲಿ. ಮೂರನೇ ಗೇರು ಬಿದ್ದಾಗ ತಲೆ ಆಡಿಸಿದರು. ವಾಪಸ್ಸು ಬಂದು ಬಾನೆಟ್ ಎತ್ತಿಸಿ, ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕನ್ನು ಉಗುರಿನಲ್ಲಿ ತಟ್ಟಿ ನೋಡಿದರು. ಕಪ್ಪಗಿರಬೇಕಾದ್ದು ಕಂದು ಬಣ್ಣಕ್ಕೆ ತಿರುಗಿದೆ. ಬಿರುಕು ಬಿಡುವ ಮೊದಲು ಅದು ಹಾಗೇ ಆಗುತ್ತದೆ. ಹೊಸ ರೇಡಿಯೇಟರಿಗೆ 120 ಡಾಲರ್ ಕಟ್ಟಿದ್ದೇನೆ, ಗುರುವಾರ ಬರುತ್ತದಂತೆ. ಹತ್ತು ಸಾವಿರದ ಮುನ್ನೂರು, ಅಪ್ಪನ ಲೆಕ್ಕದಲ್ಲಿ.